ಚಾರ್ಟಿನ ಮೂಲೆಯ ಹೆಸರು

ಅದು 2016ರ ಕೊನೆಯ ಮಾತು. ಕುವೈತ್‌ನಲ್ಲಿ ಸೆಕೆ ಇಳಿದು, ಕಾರಿನ ಗಾಜು ಇಳಿಸಿಕೊಂಡು ಓಡಾಡಬಹುದಾದ ದಿನಗಳು ಆಗಷ್ಟೇ ಶುರುವಾಗಿದ್ದವು. ನಾನು ಶುವೈಖ್‌ನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸೇಲ್ಸ್‌ಮನ್. ಮನೆ ಮಂಗಫ್‌ನಲ್ಲಿ, ಊರು ವಿಟ್ಲದ ಹತ್ತಿರ. ಮನೆಯಲ್ಲಿ ನಾವು ಆಡುವುದು ಬ್ಯಾರಿ, ಮಗಳು ಉತ್ತರ ಕೊಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಓದುವವರಿಗೆ ತೊಂದರೆಯಾಗದಿರಲಿ ಎಂದು ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಂದು ಸಂಜೆ ಮನೆಗೆ ಹೋದರೆ ಎಂಟನೇ ಕ್ಲಾಸಿನ ಮಗಳು ಶಿಫಾ ಮುಖ ಊದಿಸಿಕೊಂಡು ಕೂತಿದ್ದಳು. ಶಾಲೆಯಲ್ಲಿ ಟೀಚರ್ ಒಂದು ಡಬ್ಬಿಗೆ ದೇಶಗಳ ಹೆಸರಿನ ಚೀಟಿ ಹಾಕಿ ಮಕ್ಕಳಿಂದ ಎತ್ತಿಸಿದ್ದರಂತೆ. ಎತ್ತಿದ ದೇಶದ ಬಗ್ಗೆ ದೊಡ್ಡ ಚಾರ್ಟ್ ಮಾಡಬೇಕು. ಅದರಲ್ಲಿ ಆ ದೇಶದ ಭೂಗೋಳ, ಆರ್ಥಿಕತೆ, ಸರ್ಕಾರ ಮೂರೂ ಬರಬೇಕು. ಒಳ್ಳೆಯ ಚಾರ್ಟ್‌ಗಳನ್ನು ವಾರ್ಷಿಕೋತ್ಸವದ ದಿನ ಗೋಡೆಗೆ ಹಾಕುತ್ತಾರೆ. ಪಕ್ಕದ ಫ್ಲ್ಯಾಟಿನ ಹುಡುಗಿಗೆ ಸ್ವಿಟ್ಜರ್‌ಲ್ಯಾಂಡ್ ಸಿಕ್ಕಿತ್ತು. ನಮ್ಮವಳಿಗೆ ಸಿಕ್ಕಿದ್ದು ಉತ್ತರ ಕೊರಿಯಾ.

"ನೆಟ್‌ನಲ್ಲಿ ಹುಡುಕಿದ್ರೆ ಬರೀ ರಾಕೆಟ್ ಮತ್ತೆ ಪರೇಡ್ ಬರ್ತದೆ ಪಪ್ಪಾ. ಅಲ್ಲಿಯ ಜನ ಎಂತ ಕೆಲಸ ಮಾಡ್ತಾರೆ, ಹೇಗಿದ್ದಾರೆ, ಒಂದೂ ಇಲ್ಲ. ಕಾಪಿ ಮಾಡಿದ್ರೆ ಮಾರ್ಕೂ ಇಲ್ಲ. ಯಾರಿಂದ ತಿಳ್ಕೊಂಡದ್ದು ಅಂತ ಕೆಳಗೆ ಸೋರ್ಸ್ ಬರೀಲೇಬೇಕಂತೆ."

"ಇದಕ್ಕೆ ಅಳುದಾ? ಆ ದೇಶದವರು ವಾರ ವಾರ ನಮ್ಮ ಅಂಗಡಿಗೆ ಬರ್ತಾರೆ. ನಾನೇ ಕೇಳ್ಕೊಂಡು ಬರ್ತೇನೆ."

ಶಿಫಾ ಕಣ್ಣು ಅಗಲ ಮಾಡಿದಳು. ಅಡುಗೆ ಮನೆಯಿಂದ ಹೆಂಡತಿ ಝೊಹರಾ ಮಾತ್ರ, "ಅವರು ಬಾಯಿ ಬಿಡುದೇ ಇಲ್ಲ ಅಂತ ನೀವೇ ಹೇಳಿದ್ದಲ್ವಾ? ಪಾಪದವರ ಹತ್ತಿರ ಎಂತ ಇನ್ನು ಕೆದಕ್ಲಿಕ್ಕೆ ಹೋಗುದು?" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಥವನನ್ನೂ ಒಂದು ಲೋಟ ಚಹಾ ಮುಗಿಯುವುದರೊಳಗೆ ಮಾತಿಗೆಳೆಯುತ್ತೇನೆ ಎಂಬುದು ನನ್ನ ಹೆಮ್ಮೆ. ಈಜಿಪ್ಟಿನವನು ತನ್ನ ಅತ್ತೆಯ ಜಗಳ ಹೇಳಿಕೊಂಡಿದ್ದಾನೆ, ಬಾಂಗ್ಲಾದವನು ತಾನು ಕದ್ದು ಮದುವೆಯಾದ ಕತೆ ಹೇಳಿದ್ದಾನೆ. ಈ ಕೊರಿಯಾದವರು ಮಾತ್ರ ನನಗೆ ಸೋಲದೆ ಉಳಿದಿದ್ದರು.

ಆಗ ಕುವೈತ್‌ನ ಕಟ್ಟಡ ಕೆಲಸಗಳಲ್ಲಿ ಆ ದೇಶದ ಕಾರ್ಮಿಕರು ಸಾಕಷ್ಟು ಜನ ಇದ್ದರು. ನಮ್ಮ ಅಂಗಡಿಗೆ ಬರುತ್ತಿದ್ದದ್ದು ಮೂರು ಜನ, ಪ್ರತಿ ಗುರುವಾರ ಮಧ್ಯಾಹ್ನ, ಒಂದು ಹಳೆಯ ಪಿಕಪ್‌ನಲ್ಲಿ. ಒಬ್ಬನೇ ಬಂದದ್ದನ್ನು ನಾನು ಯಾವತ್ತೂ ನೋಡಿಲ್ಲ. ಮೂವರಲ್ಲಿ ದೊಡ್ಡವನು ಐವತ್ತು ದಾಟಿದವನು, ಅಂಗಿಯ ಎಡಗಡೆ ಅವರ ನಾಯಕರ ಮುಖವಿರುವ ಸಣ್ಣ ಕೆಂಪು ಬಿಲ್ಲೆ. ಅರಬಿ ಚೆನ್ನಾಗಿ ಬರುತ್ತಿತ್ತು, ದುಡ್ಡು ಕೊಡುವುದೂ ಅವನೇ. ನಾವು ಅವನನ್ನು ಮುದೀರ್ ಎನ್ನುತ್ತಿದ್ದೆವು, ಅಂದರೆ ಮ್ಯಾನೇಜರ್. ಅವನು ನಕ್ಕದ್ದನ್ನು ಕಂಡವರಿಲ್ಲ. ಇನ್ನೊಬ್ಬ ಎತ್ತರದವನು. ಪೇಂಟ್ ಡಬ್ಬಿಗಳ ಮೇಲಿನ ಇಂಗ್ಲಿಷನ್ನು ಓದಿ ಉಳಿದಿಬ್ಬರಿಗೆ ಹೇಳುವುದು ಅವನ ಕೆಲಸ. ನಮ್ಮ ಜೊತೆ ಒಂದು ಮಾತೂ ಇಲ್ಲ, ಕಣ್ಣು ಮಾತ್ರ ಎಲ್ಲ ಕಡೆ.

ಮೂರನೆಯವನು ಪಾಕ್. ಗಾರೆ ಕೆಲಸದವನು. ಸೈಟಿನಲ್ಲಿ ನಮ್ಮ ಕಡೆಯವರ ಜೊತೆ ಕೆಲಸ ಮಾಡಿ ಅಷ್ಟಿಷ್ಟು ಹಿಂದಿ ಕಲಿತಿದ್ದ. ಕರಣೆ ತೆಗೆದುಕೊಟ್ಟರೆ ಅದರ ಅಲಗನ್ನು ಹೆಬ್ಬೆರಳಿನಿಂದ ಬಗ್ಗಿಸಿ, "ಭಾಯಿ, ಚೈನಾ?" ಎಂದು ಕೇಳಿ, ನಾನು ಹೌದೆಂದರೆ ಮೂಗು ಮುರಿದು ವಾಪಸ್ ಇಡುತ್ತಿದ್ದ. ಅಷ್ಟೇ ನಮ್ಮ ಸ್ನೇಹ. ಗಿರಾಕಿಗಳಿಗೆಲ್ಲ ಹಾಲು ಹಾಕದ ಸುಲೈಮಾನಿ ಚಹಾ ಕೊಡುವುದು ನಮ್ಮ ಅಂಗಡಿಯ ಪದ್ಧತಿ. ಈ ಮೂವರು ಮಾತ್ರ ಒಂದು ದಿನವೂ ಲೋಟ ಮುಟ್ಟಿದವರಲ್ಲ.

ಆ ಗುರುವಾರ ಮುದೀರ್ ಪಿಕಪ್‌ನಲ್ಲೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಎತ್ತರದವನು ಪೇಂಟ್ ರ‍್ಯಾಕ್ ಹತ್ತಿರ. ಇದೇ ಸಮಯವೆಂದು ನಾನು ಪಾಕ್‌ನನ್ನು ಹಿಡಿದೆ. ಮಗಳು, ಶಾಲೆ, ನಿಮ್ಮ ದೇಶ ಎಂದು ಕೈಬಾಯಿ ಸೇರಿಸಿ ಹಿಂದಿಯಲ್ಲಿ ವಿವರಿಸಿದೆ. ಅವನು ಮೊದಲು ಹಿಂದೆ ನೋಡಿದ. ಆಮೇಲೆ ಏನೋ ಒಂದು ಆಸೆ ಅವನ ಮುಖಕ್ಕೆ ಬಂತು. ಹರಿದ ಚೀಲದಿಂದ ಜಿಪ್ಸಮ್ ಪುಡಿ ಕೌಂಟರಿನ ಮೇಲೆ ಚೆಲ್ಲಿತ್ತು. ಅದನ್ನೇ ಗುಡ್ಡೆ ಮಾಡಿ ದೇಶ ಬರೆಯತೊಡಗಿದ.

ಎಲ್ಲ ಕಡೆ ಗುಡ್ಡ ಮಾಡಿದ, ಪಶ್ಚಿಮದ ಅಂಚಿಗೆ ಮಾತ್ರ ಸ್ವಲ್ಪ ತಟ್ಟಿ ಸಪಾಟು ಮಾಡಿ, "ಚಾವಲ್" ಎಂದ. ಅಲ್ಲಿ ಭತ್ತ. ಮೇಲ್ಗಡೆ ಬೆರಳಿನಿಂದ ಎರಡು ಗೆರೆ ಎಳೆದ, ಎರಡು ನದಿ, ಆಚೆ ಚೀನಾ. ಎಲ್ಲಕ್ಕಿಂತ ಎತ್ತರದ ಗುಡ್ಡದ ತುದಿಯಲ್ಲಿ ಹೆಬ್ಬೆರಳು ಒತ್ತಿ ಗುಳಿ ಮಾಡಿ, "ಪಾನಿ" ಎಂದ. ಬೆಟ್ಟದ ನೆತ್ತಿಯ ಮೇಲೆ ಕೆರೆ. ಅದನ್ನು ಹೇಳುವಾಗ ಅವನ ಧ್ವನಿಯೇ ಬೇರೆಯಾಯಿತು. ಎಡಕ್ಕೆ ಬಲಕ್ಕೆ ಸಮುದ್ರ. ಕೆಳಗೆ ಒಂದು ಗೆರೆ ಎಳೆದು ಅಲ್ಲಿಗೆ ಕೈ ನಿಲ್ಲಿಸಿದ. ಗೆರೆಯ ಕೆಳಗೆ ಏನು ಎಂದು ನಾನು ಕೇಳಲಿಲ್ಲ, ಅಷ್ಟು ಬುದ್ಧಿ ಆ ದಿನ ನನಗಿತ್ತು.

ಭೂಗೋಳ ಮುಗಿಯಿತು. ಆರ್ಥಿಕತೆಗೆ ಬಂದೆ. ಅಲ್ಲಿ ಅಂಗಡಿ ಯಾರದ್ದು? ಸರ್ಕಾರದ್ದು. ಗದ್ದೆ? ಸರ್ಕಾರದ್ದು. ಮನೆ? ಅದೂ ಸರ್ಕಾರದ್ದೇ. ಹುಟ್ಟಿದಂದಿನಿಂದ ಚೌಕಾಸಿಯಲ್ಲೇ ಬೆಳೆದ ಬ್ಯಾರಿ ನಾನು, ಚೌಕಾಸಿ ಮಾಡಲು ಅಂಗಡಿಯವನೇ ಇಲ್ಲದ ದೇಶ ಹೇಗಿರಬಹುದು ಎಂದು ಊಹಿಸಲಿಕ್ಕೇ ಆಗಲಿಲ್ಲ.

"ಮತ್ತೆ ಇಲ್ಲಿ ನಿನ್ನ ಸಂಬಳ?" ಎಂದೆ.

ಪಾಕ್ ಪೇಂಟ್ ರ‍್ಯಾಕ್ ಕಡೆ ನೋಡಿದ. ಎತ್ತರದವನ ಬೆನ್ನು ಈ ಕಡೆಗಿತ್ತು. ಪಾಕ್ ಕರಣೆ ತೆಗೆದುಕೊಂಡು ಒಂದು ಗುಡ್ಡೆಯನ್ನು ಕತ್ತರಿಸಿದ. ದೊಡ್ಡ ಪಾಲನ್ನು ಆಚೆ ತಳ್ಳಿ, "ಸರ್ಕಾರ್" ಎಂದ. ಉಳಿದ ಚೂರನ್ನು ತನ್ನ ಕಡೆ ಎಳೆದು, "ಘರ್" ಎಂದ. ಮರುಕ್ಷಣ ಎಲ್ಲವನ್ನೂ ಅಂಗೈಯಿಂದ ಸವರಿಬಿಟ್ಟ. ಕೌಂಟರಿನ ಮೇಲೆ ಗುಡ್ಡವೂ ಇಲ್ಲ, ಕೆರೆಯೂ ಇಲ್ಲ.

ಸರ್ಕಾರದ ಬಗ್ಗೆ ಕೇಳಿದರೆ ಅವನು ತುಟಿ ಬಿಚ್ಚಲಿಲ್ಲ. ಕೊನೆಗೆ ಹೆಸರು ಕೇಳಿದೆ. ಅದನ್ನು ಮಾತ್ರ ಮೂರೂ ಭಾಗ ಬಿಡಿಸಿ ಬಿಡಿಸಿ ಹೇಳಿದ, ನಾನು ಸರಿಯಾಗಿ ಹೇಳುವ ತನಕ ಬಿಡಲಿಲ್ಲ. ಕುವೈತ್‌ಗೆ ಬಂದ ಮೇಲೆ ಅವನ ಪೂರ್ತಿ ಹೆಸರು ಕೇಳಿದವರು ಯಾರೂ ಇರಲಿಲ್ಲವೋ ಏನೋ.

ಮನೆಗೆ ಬಂದು ಎಲ್ಲವನ್ನೂ ಶಿಫಾಗೆ ಹೇಳಿದೆ, ಗೆದ್ದು ಬಂದವನ ಹಾಗೆ. ಅವಳು ಒಂದು ವಾರ ಕೂತು ಚಾರ್ಟ್ ಮಾಡಿದಳು. ಬೆಟ್ಟಕ್ಕೆ ಹಸಿರು, ಕೆರೆಗೆ ನೀಲಿ. ಸರ್ಕಾರ ಎಂಬ ಭಾಗಕ್ಕೆ ಆ ದೇಶದ ನಾಯಕರ ಚಿತ್ರಗಳನ್ನು ಪ್ರಿಂಟ್ ತೆಗೆದು ಗಮ್‌ನಲ್ಲಿ ಅಂಟಿಸಿದಳು. ಬುಧವಾರ ರಾತ್ರಿ ಊಟದ ಹೊತ್ತಿಗೆ, "ಪಪ್ಪಾ, ನಾಳೆ ಆ ಅಂಕಲ್‌ಗೆ ತೋರಿಸಿ. ಕೆರೆ ಸರಿ ಉಂಟಾ ಕೇಳಿ" ಎಂದಳು.

"ಸುರುಳಿ ಸುತ್ತಿ ತಗೊಂಡು ಹೋಗಿ" ಎಂದು ಝೊಹರಾ ಹೇಳಿದ್ದು ಹೌದು. ಆದರೆ ಮರುದಿನ ಬೆಳಗ್ಗೆ ಕಾರಿನ ಹಿಂದಿನ ಸೀಟಿನ ತುಂಬ ಅಂಗಡಿಯ ಪೈಪು. ಮುಂದಿನ ಸೀಟಿನಲ್ಲಿ ಸುರುಳಿ ಉರುಳಾಡುತ್ತದೆ. ನಾನು ಚಾರ್ಟನ್ನು ಬಿಚ್ಚಿಯೂ ನೋಡದೆ, ಕಂಪನಿಯವರು ಕೊಡುವ ರೇಟ್ ಪೋಸ್ಟರನ್ನು ಮಡಚುವ ಹಾಗೆ ನಾಲ್ಕು ಮಡಿಕೆ ಮಾಡಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಅಂಗಡಿಯಲ್ಲಿ ಅದರ ಮೇಲೆ ಒಂದು ಪೆಟ್ಟಿಗೆ ಹಿಂಜಸ್ ಬೇರೆ ಕೂತಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಮಧ್ಯಾಹ್ನ ಅವರು ಬಂದರು. ಮುದೀರ್ ಎಂದಿನಂತೆ ಹೊರಗೆ ನಿಂತು ಫೋನ್‌ನಲ್ಲಿದ್ದ. ನಾನು ಸಂಭ್ರಮದಿಂದ ಚಾರ್ಟನ್ನು ಕೌಂಟರಿನ ಮೇಲೆ ಬಿಡಿಸಿ ಪಾಕ್ ಕಡೆಗೆ ತಿರುಗಿಸಿದೆ. ಬೆಟ್ಟದ ಮೇಲಿನ ನೀಲಿ ಕೆರೆ ಕಂಡು ಅವನು ನಕ್ಕ. ಬೆರಳಿನಿಂದ ಅದರ ಅಂಚನ್ನು ಸವರಿದ. ಹಾಗೇ ಅವನ ಬೆರಳು ಬಲಕ್ಕೆ ಸರಿಯಿತು, ನಿಂತಿತು. ಅವನ ಮುಖದ ರಕ್ತವೆಲ್ಲ ಇಳಿದು ಹೋಯಿತು.

ನನ್ನ ಮಡಿಕೆ ಸರಿಯಾಗಿ ನಾಯಕರ ಮುಖದ ಮೇಲೆಯೇ ಬಿದ್ದಿತ್ತು. ಮೂಗಿನ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಶಿಫಾ ಚಿತ್ರವನ್ನು ಚಂದ ಕಾಣಲಿ ಎಂದು ತಲೆಯ ಸುತ್ತ ಕತ್ತರಿಯಲ್ಲಿ ಕತ್ತರಿಸಿಯೂ ಇದ್ದಳು. ಅವರ ಚಿತ್ರವಿರುವ ಕಾಗದವನ್ನು ಮಡಚುವುದು, ಕತ್ತರಿಸುವುದು ಆ ದೇಶದಲ್ಲಿ ಎಷ್ಟು ದೊಡ್ಡ ತಪ್ಪು ಎಂದು ನನಗೆ ಆಮೇಲೆ ಗೊತ್ತಾದದ್ದು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಮಡಿಕೆಯ ಹತ್ತಿರ ನಿಂತ ಪಾಕ್‌ನ ಬೆರಳು ಮಾತ್ರ.

ಅದನ್ನು ಅರ್ಥಮಾಡಿಕೊಳ್ಳುವ ಮೊದಲೇ ಇನ್ನೊಂದು ಕಂಡಿತು. ಆರ್ಥಿಕತೆ ಎಂಬ ಭಾಗದಲ್ಲಿ ಶಿಫಾ ಒಂದು ದುಂಡನೆಯ ಚಿತ್ರ ಬರೆದು, ಅದನ್ನು ಎರಡು ಪಾಲು ಮಾಡಿದ್ದಳು. ದೊಡ್ಡ ಪಾಲಿಗೆ 'ಕಾರ್ಮಿಕನ ಸಂಬಳದಲ್ಲಿ ಸರ್ಕಾರದ ಪಾಲು', ಸಣ್ಣ ಚೂರಿಗೆ 'ಮನೆಯ ಪಾಲು'. ಅದರ ಕೆಳಗೆ, ಚಾರ್ಟಿನ ಬಲ ಮೂಲೆಯಲ್ಲಿ, ನೀಲಿ ಸ್ಕೆಚ್ ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ, ಟೀಚರ್ ಹೇಳಿಕೊಟ್ಟ ಹಾಗೆ: 'ಸೋರ್ಸ್: ಮಿಸ್ಟರ್ ಪಾಕ್'. ಪೂರ್ತಿ ಹೆಸರು. 'ಶುವೈಖ್. ಥ್ಯಾಂಕ್ಯೂ ಅಂಕಲ್.' ಪಕ್ಕದಲ್ಲಿ ಒಂದು ನಗುವ ಮುಖ.

ಮಡಚಿದ್ದಕ್ಕೆ ಬೈಗುಳ ನನಗೆ ಸಿಗಬಹುದು. ಆದರೆ ಸಂಬಳದ ಮಾತು ಹೊರಗಿನವನಿಗೆ ಹೇಳಿದವನು ಇವನೇ ಎಂದು ಅಲ್ಲಿ ಹೆಸರು ಸಮೇತ ಬರೆದಿತ್ತು. ಇಂಥದ್ದಕ್ಕೆ ಅವರನ್ನು ಕೂಡಲೇ ಊರಿಗೆ ಕಳಿಸುತ್ತಾರೆ, ಊರಿನಲ್ಲಿ ಆಮೇಲೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಸೈಟಿನ ಜನ ಮಾತಾಡಿಕೊಳ್ಳುವುದನ್ನು ನಾನೇ ಕೇಳಿದ್ದೆ. ಅಂಗಡಿಯಲ್ಲಿ ಇಂಗ್ಲಿಷ್ ಓದಬಲ್ಲ ಎತ್ತರದವನು ಪೇಂಟ್ ರ‍್ಯಾಕ್ ಬಿಟ್ಟು ನಮ್ಮ ಕಡೆ ಬರುತ್ತಿದ್ದ.

ನನ್ನ ಕೈಯಲ್ಲಿ ನನ್ನದೇ ಸುಲೈಮಾನಿ ಲೋಟ ಇತ್ತು. ಯೋಚನೆ ಮಾಡಿದ್ದಲ್ಲ, ಲೋಟವನ್ನು ಆ ಹೆಸರಿನ ಮೇಲೆ ಕುಕ್ಕಿದೆ. ಲೋಟಕ್ಕಿಂತ ಹೆಸರು ಉದ್ದವಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಮುದೀರ್.

"ಶಿನು ಹಾದಾ?" ಎಂದ. ಏನಿದು ಎಂದು.

ನಾನು ಅರಬಿಯಲ್ಲಿ ತಡವರಿಸಿದೆ. "ನನ್ನ ಮಗಳದ್ದು, ಶಾಲೆಯದ್ದು. ಮಡಚಿದ್ದು ನಾನು. ಇವನಿಗೂ ಇದಕ್ಕೂ ಸಂಬಂಧವಿಲ್ಲ."

ಅವನು ನನ್ನ ಮಾತು ಮುಗಿಯಲು ಬಿಡಲಿಲ್ಲ. ಎತ್ತರದವನಿಗೂ ಕೌಂಟರಿಗೂ ನಡುವೆ ಬಂದು ನಿಂತ. ಚಾರ್ಟಿನ ಮೇಲೆ ಬಾಗಿದ. ಮೇಲಿನಿಂದ ಕೆಳಗೆ ಅವನ ಕಣ್ಣು ನಿಧಾನ ಇಳಿಯಿತು. ನಾನು ನನಗೆ ಬರುವ ಕುರ್‌ಆನಿನ ಆಯತ್ತುಗಳನ್ನೆಲ್ಲ ಮನಸ್ಸಿನಲ್ಲೇ ಓದಿದೆ. ಆಮೇಲೆ ಅವನು ನೆಟ್ಟಗೆ ನಿಂತು ಕೂಗಾಡತೊಡಗಿದ. ಮೊದಲು ಅರಬಿಯಲ್ಲಿ ನನಗೆ, ಆಮೇಲೆ ಅವರ ಭಾಷೆಯಲ್ಲಿ ಪಾಕ್‌ಗೆ. ಚಿತ್ರದ ಮಡಿಕೆ ತೋರಿಸುತ್ತಾನೆ, ಎದೆಯ ಬಿಲ್ಲೆ ಮುಟ್ಟಿಕೊಳ್ಳುತ್ತಾನೆ, ಮತ್ತೆ ಕೂಗುತ್ತಾನೆ. ಎತ್ತರದವನು ಅಟೆನ್ಶನ್‌ನಲ್ಲಿ ನಿಂತುಬಿಟ್ಟ. ಪಾಕ್ ತಲೆ ತಗ್ಗಿಸಿದ್ದ.

"ಈ ಚಿತ್ರಗಳು ಹೀಗೆ ಇರಬಾರದು. ಹರಿಯದೆ, ಗೀರಾಗದೆ ತೆಗೆಯಬೇಕು. ನಾನು ತೆಗೆದುಕೊಂಡು ಹೋಗುತ್ತೇನೆ" ಎಂದ ಮುದೀರ್.

ಚಾರ್ಟನ್ನೇ ಎತ್ತಿಕೊಂಡು ಹೋದರೆ ಹೆಸರೂ ಅದರ ಜೊತೆ ಹೋದ ಹಾಗೆ. ನಾನು ಅಡ್ಡ ಬಾಯಿ ಹಾಕಿದೆ. "ಸರ್, ಗಮ್ ಅಷ್ಟೇ. ಆವಿ ಹಿಡಿದರೆ ಬಿಡುತ್ತದೆ. ಕೆಟಲ್ ಇದೆ." ಅಷ್ಟು ಹೊತ್ತಿಗೆ ನನ್ನ ಬುದ್ಧಿ ಹೇಗೆ ಓಡಿತೋ ಗೊತ್ತಿಲ್ಲ.

ಮುದೀರ್ ತಲೆಯಾಡಿಸಿ ಪಾಕ್‌ಗೆ ಏನೋ ಆಜ್ಞೆ ಮಾಡಿದ. ಅವರಲ್ಲಿ ಕೈ ಸೂಕ್ಷ್ಮದವನು ಅವನೇ. ನಾನು ಕೆಟಲ್ ಕುದಿಸಿ ತಂದೆ, ರ‍್ಯಾಕಿನಿಂದ ಪುಟ್ಟಿ ಬಳಿಯುವ ಅತಿ ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ತೆಗೆದುಕೊಟ್ಟೆ. ಪಾಕ್ ಎರಡು ಕೈಯಲ್ಲಿ ಅದನ್ನು ತೆಗೆದುಕೊಂಡ. ಚೈನಾದ್ದೋ ಎಂದು ಕೇಳಲಿಲ್ಲ. ಆವಿ ಹಿಡಿಯುವುದು, ಅಂಚಿಗೆ ಅಲಗು ತೂರಿಸುವುದು, ಉಸಿರು ಬಿಗಿಹಿಡಿದು ಎಬ್ಬಿಸುವುದು. ಒಂದು ಎಳೆಯೂ ಹರಿಯದೆ ಚಿತ್ರಗಳು ಬಂದವು. ಮುದೀರ್ ಅವನ್ನು ಅಂಗೈ ಮೇಲೆ ಸ್ವೀಕರಿಸಿ, ನಾನು ಕೊಟ್ಟ ಎರಡು ಹಾರ್ಡ್‌ಬೋರ್ಡ್ ತುಂಡುಗಳ ನಡುವೆ ಮಲಗಿಸಿದ. ಅಷ್ಟು ಹೊತ್ತೂ ಪಾಕ್‌ನ ಕೈಯಿಂದ ನಾಲ್ಕು ಬೆರಳು ಆಚೆ ನನ್ನ ಲೋಟ, ಲೋಟದ ಎರಡೂ ಬದಿ ಇಣುಕುವ ನೀಲಿ ಅಕ್ಷರ. ಪಾಕ್‌ಗೆ ಅದು ಆಗಲೇ ಕಂಡಿತ್ತು. ಒಮ್ಮೆ ನನ್ನ ಮುಖ ನೋಡಿದ. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ಇಷ್ಟು ವರ್ಷ ನನಗೆ ನೆನಪಿರುತ್ತಿರಲಿಲ್ಲ.

ಇನ್ನೇನು ಮುಗಿಯಿತು ಎನ್ನುವಾಗ ಮುದೀರ್‌ನ ಕಣ್ಣು ಲೋಟದ ಮೇಲೆ ಬಿತ್ತು. "ಇಂಥ ಕಾಗದದ ಮೇಲೆ ಚಹಾ ಇಡುತ್ತೀರಾ?" ಎಂದು ಗುಡುಗಿ, ತಾನೇ ಲೋಟ ಎತ್ತಿದ.

ಖಲಾಸ್, ಎಲ್ಲ ಮುಗಿಯಿತು ಅಂದುಕೊಂಡೆ. ಲೋಟದ ತಳದ ಒದ್ದೆ ಉಂಗುರದ ಒಳಗೂ ಹೊರಗೂ ಪಾಕ್‌ನ ಹೆಸರು ಸ್ಪಷ್ಟವಾಗಿತ್ತು. ಮುದೀರ್ ಆ ಉಂಗುರವನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸುತ್ತ ಪಾಕ್‌ಗೆ ಅವರ ಭಾಷೆಯಲ್ಲಿ ಬೈದ. ಬೈದು ನನ್ನ ಕಡೆ ತಿರುಗಿ, "ಮಾಯ್" ಎಂದ. ನೀರು.

ನಾನು ನೀರು ತಂದೆ. ಗಾರೆಯವರು ಸಿಮೆಂಟಿನ ಅಂಚು ಒರೆಸುವ ಸ್ಪಂಜು ಕೌಂಟರಿನಲ್ಲೇ ಇತ್ತು. ಪಾಕ್ ಅದನ್ನು ಅದ್ದಿ, ಹಿಂಡಿ, ಚಹಾದ ಕಲೆಯನ್ನು ಒರೆಸತೊಡಗಿದ. ಸ್ಕೆಚ್ ಪೆನ್ನಿನ ಶಾಯಿ ನೀರು ತಾಗಿದ ಕೂಡಲೇ ಹರಡಿತು. ಹೆಸರು ಹೋಯಿತು, ಶುವೈಖ್ ಹೋಯಿತು, ಥ್ಯಾಂಕ್ಯೂ ಹೋಯಿತು, ನಗುವ ಮುಖವೂ ಹೋಯಿತು. ಮುದೀರ್ ಇನ್ನೂ ಒರೆಸು, ಇನ್ನೂ ಒರೆಸು ಎಂದು ಕೈ ಮಾಡುತ್ತಿದ್ದ. ಎತ್ತರದವನು ಮುಂದೆ ಬಂದು ಬಗ್ಗಿ ನೋಡುವ ಹೊತ್ತಿಗೆ ಮೂಲೆಯಲ್ಲಿ ಇದ್ದದ್ದು ಒಂದು ನೀಲಿ ಮೋಡ ಮಾತ್ರ. ಅವನು ಚಾರ್ಟನ್ನೆಲ್ಲ ಓದಿದ, ಸಂಬಳದ ದುಂಡು ಚಿತ್ರವನ್ನೂ ಓದಿದ. ಯಾರು ಹೇಳಿದ್ದು ಎಂದು ಎಲ್ಲಿಯೂ ಇರಲಿಲ್ಲ. ಮಗಳು ನೆಟ್‌ನಲ್ಲಿ ಓದಿದ್ದು ಎಂದೆ, ಯಾರೂ ಕೇಳದಿದ್ದರೂ.

ಅವರು ಹೋದ ಮೇಲೆ ನಾನು ಸಿಮೆಂಟ್ ಚೀಲದ ಮೇಲೆ ಕೂತುಬಿಟ್ಟೆ. ಆ ದಿನ ಮತ್ತೆ ವ್ಯಾಪಾರ ಮಾಡಲು ಬಾಯಿ ಬರಲಿಲ್ಲ.

ಮನೆಯಲ್ಲಿ ಝೊಹರಾ ಒದ್ದೆ ಚಾರ್ಟನ್ನೂ ನನ್ನ ಮುಖವನ್ನೂ ನೋಡಿದಳು. ಎಲ್ಲ ಹೇಳಿದೆ. "ನಿಮ್ಮ ಬಾಯಿ ಒಂದು ಸುಮ್ಮನೆ ಕೂತಿದ್ರೆ ಆಗ್ತಿತ್ತು" ಎಂದಳು, ಅಷ್ಟೇ. ಅದು ಬೈದದ್ದಲ್ಲ, ಅವಳಿಗೂ ಹೆದರಿಕೆ ಹುಟ್ಟಿತ್ತು. ಶಿಫಾ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದಳು.

"ನಾನು ಥ್ಯಾಂಕ್ಸ್ ಬರ್ದದ್ದಲ್ವಾ ಪಪ್ಪಾ? ಅಂಕಲ್‌ಗೆ ಎಂತಾದ್ರೂ ಆಗ್ತದಾ?"

"ಎಂತ ಆಗುದಿಲ್ಲ ಮಗಾ, ಒರೆಸಿ ಆಯ್ತಲ್ಲ" ಎಂದೆ. ಆದರೆ ಒರೆಸುವ ಮೊದಲು ಎಷ್ಟು ಕಣ್ಣುಗಳು ಓದಿದವು ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಮುಖ್ಯವಾಗಿ ಮುದೀರ್‌ನ ಕಣ್ಣು. ಡಬ್ಬಿಗಳ ಇಂಗ್ಲಿಷನ್ನು ಅವನು ಎತ್ತರದವನಿಂದ ಓದಿಸುತ್ತಿದ್ದ ನಿಜ, ಆದರೆ ತನಗೆ ಓದಲು ಬರುವುದಿಲ್ಲ ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಅವನು ಲೋಟ ಎತ್ತಿದಾಗ ಹೆಸರು ಅವನ ಮೂಗಿನ ಕೆಳಗೇ ಇತ್ತು.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಪಿಕಪ್ ಸದ್ದು ಕೇಳಿದಾಗಲೆಲ್ಲ ನಾನು ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಯಾರನ್ನಾದರೂ ವಿಚಾರಿಸೋಣವೆಂದರೆ ನನ್ನ ವಿಚಾರಣೆಯೇ ಅವನಿಗೆ ಉರುಳಾದರೆ? ಜನ್ಮದಲ್ಲಿ ಮೊದಲ ಬಾರಿಗೆ ನಾನು ಒಂದು ಪ್ರಶ್ನೆಯನ್ನು ನುಂಗಿಕೊಂಡು ಓಡಾಡಿದೆ. ರಾತ್ರಿ ಊಟಕ್ಕೆ ಕೂತರೆ ಜಿಪ್ಸಮ್ ಪುಡಿಯಲ್ಲಿ ಅವನು ತನ್ನ ಕಡೆ ಎಳೆದುಕೊಂಡ ಆ ಸಣ್ಣ ಚೂರು ನೆನಪಾಗುತ್ತಿತ್ತು. ಆ ಚೂರಿಗಾಗಿ ಕಾಯುವ ಮನೆಯೊಂದು ಎಲ್ಲೋ ಇತ್ತು. ಝೊಹರಾ ನಮಾಝಿನ ನಂತರ ಸ್ವಲ್ಪ ಹೆಚ್ಚು ಹೊತ್ತು ಕೈ ಎತ್ತಿ ಕೂರುತ್ತಿದ್ದಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಚಾರ್ಟ್ ಶಾಲೆಗೆ ಹೋಯಿತು. ಸರ್ಕಾರ ಎಂಬ ತಲೆಬರಹದ ಕೆಳಗೆ ನೀರು ತಾಗಿ ಸುಕ್ಕಾದ ಖಾಲಿ ಜಾಗ. ಇಲ್ಲಿ ಯಾಕೆ ಏನೂ ಇಲ್ಲ ಎಂದು ಟೀಚರ್ ಕೇಳಿದರಂತೆ, ಸೋರ್ಸ್ ಎಲ್ಲಿ ಎಂದೂ ಕೇಳಿದರಂತೆ. ನೀರು ಬಿತ್ತು ಮಿಸ್ ಎಂದಳಂತೆ ಶಿಫಾ. ಮಾರ್ಕು ಹೋಯಿತು, ಗೋಡೆಗೆ ಸ್ವಿಟ್ಜರ್‌ಲ್ಯಾಂಡ್ ಏರಿತು. ಮಾರ್ಕಿಗಾಗಿ ಊಟ ಬಿಡುವ ಹುಡುಗಿ ಆ ದಿನ ತಟ್ಟೆ ಖಾಲಿ ಮಾಡಿ ಎದ್ದಳು.

ಕೊನೆಗೆ ಒಂದು ಗುರುವಾರ ಆ ಹಳೆಯ ಪಿಕಪ್ ಬಂತು. ಮುದೀರ್ ಇಳಿದ. ಎತ್ತರದವನು ಇಳಿದ. ಆ ಕಡೆಯ ಬಾಗಿಲಿನಿಂದ ಇಳಿದದ್ದು ನಾನು ಕಾಣದ ಹೊಸ ಮುಖ. ಬರುವವರು ಯಾವಾಗಲೂ ಮೂವರೇ. ಕೌಂಟರ್ ಹಿಡಿದುಕೊಂಡು ನಿಂತೆ. ಆಗ ಪಿಕಪ್‌ನ ಹಿಂಭಾಗದಿಂದ, ಖಾಲಿ ಬಕೆಟುಗಳ ನಡುವಿನಿಂದ, ಒಬ್ಬ ಎದ್ದು ಬಟ್ಟೆಯ ಧೂಳು ಕೊಡವಿ ಕೆಳಗೆ ಹಾರಿದ.

ಪಾಕ್.

ಹೋದ ಜೀವ ಬಂದಂತಾಯಿತು. ಅಪ್ಪಿಕೊಳ್ಳಬೇಕು ಅನ್ನಿಸಿತು, ಮಾಡಲಿಲ್ಲ. ಅವನು ಸೀದಾ ಕರಣೆಗಳ ಹತ್ತಿರ ಹೋಗಿ ಒಂದನ್ನು ಎತ್ತಿ ಬಗ್ಗಿಸಿ, "ಭಾಯಿ, ಚೈನಾ?" ಎಂದ. ನನಗೆ ಕಣ್ಣು ಮಂಜಾಗಿ ಅದರ ಮೇಲಿನ ಅಕ್ಷರ ಕಾಣಲಿಲ್ಲ. ಹೌದೆಂದು ತಲೆಯಾಡಿಸಿದೆ. ಅವನು ಮೂಗು ಮುರಿದು ವಾಪಸ್ ಇಟ್ಟ.

ದೂರದ ಮೀನಾ ಅಬ್ದುಲ್ಲಾ ಕಡೆ ಕೆಲಸ ಸಿಕ್ಕಿತ್ತು, ಇಷ್ಟು ದಿನ ಅಲ್ಲೇ ಇದ್ದೆವು ಎಂದ ಮುದೀರ್. ಹೊಸಬನಿಗೆ ಅಂಗಡಿ ತೋರಿಸಲು ಕರೆದುಕೊಂಡು ಬಂದದ್ದಂತೆ. ಇಷ್ಟಕ್ಕೆ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ. ಸಾಮಾನು ತುಂಬಿಸಲು ಪಾಕ್ ಮತ್ತು ಹೊಸಬ ಹೊರಗೆ ಹೋದರು. ಎತ್ತರದವನು ಪಿಕಪ್ ಹತ್ತಿರ ನಿಂತು ಚೀಲ ಎಣಿಸುತ್ತಿದ್ದ. ಕೌಂಟರಿನಲ್ಲಿ ಮುದೀರ್ ಮತ್ತು ನಾನು ಇಬ್ಬರೇ. ಅವನು ಹೊರಗೆ ನೋಡುತ್ತಲೇ ಮೆಲ್ಲಗೆ ಅರಬಿಯಲ್ಲಿ ಕೇಳಿದ.

"ಮಗಳ ಚಾರ್ಟ್ ಏನಾಯಿತು?"

"ಒಣಗಿತು. ಶಾಲೆಗೆ ಕೊಟ್ಟಳು."

"ಅವಳಿಗೆ ಹೇಳು. ಬೆಟ್ಟ ಬರೆಯಲಿ, ನದಿ ಬರೆಯಲಿ, ಚೆನ್ನಾಗಿ ಬರೆಯುತ್ತಾಳೆ. ಮನುಷ್ಯರ ಹೆಸರು ಬರೆಯುವುದು ಬೇಡ."

ಅವನು ಓದಿದ್ದ. ಬಾಗಿಲಿನಿಂದ ಬಂದು ಚಾರ್ಟಿನ ಮೇಲೆ ಬಾಗಿದಾಗಲೇ ಎಲ್ಲವನ್ನೂ ಓದಿದ್ದ. ಎತ್ತರದವನಿಗೆ ಅಡ್ಡ ನಿಂತದ್ದು, ಮಡಿಕೆಯನ್ನು ಹಿಡಿದು ಅಷ್ಟು ಕೂಗಾಡಿದ್ದು, ಚಹಾದ ಕಲೆ ತೋರಿಸಿ ನೀರು ತರಿಸಿದ್ದು, ಇನ್ನೂ ಒರೆಸು ಎಂದದ್ದು ಎಲ್ಲವೂ ಒಂದೊಂದಾಗಿ ನನಗೆ ಆಗ ತಿಳಿಯಿತು. ಪಾಕ್‌ಗೆ ಮುದೀರ್‌ನ ಹೆದರಿಕೆಯಾದರೆ ಮುದೀರ್‌ಗೆ ಎತ್ತರದವನ ಹೆದರಿಕೆ. ಎತ್ತರದವನಿಗೆ ಯಾರ ಹೆದರಿಕೆಯೋ. ಆ ದೇಶದ ಸರ್ಕಾರದ ಬಗ್ಗೆ ನಾನು ತಿಳಿದುಕೊಂಡದ್ದು ಇಷ್ಟೇ, ಅದನ್ನು ಯಾರ ಬಾಯಿಂದಲೂ ಕೇಳಬೇಕಾಗಲಿಲ್ಲ.

"ಸುಲೈಮಾನಿ?" ಎಂದೆ.

ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಅವನು ಲೋಟ ತೆಗೆದುಕೊಂಡು ನಿಂತಲ್ಲೇ ಪೂರ್ತಿ ಕುಡಿದ. ಕುಡಿದು, ಕೌಂಟರಿನ ಮೇಲೆ ಯಾವ ಕಾಗದವೂ ಇಲ್ಲದ ಜಾಗ ನೋಡಿ ಲೋಟ ಇಟ್ಟ. ಅದು ತಮಾಷೆಗೆ ಮಾಡಿದ್ದೋ ಅಲ್ಲವೋ ಮುಖದಿಂದ ಹೇಳಲಿಕ್ಕೆ ಬರುವಂತಿರಲಿಲ್ಲ.

ಆಮೇಲೆ ಒಂದೆರಡು ವರ್ಷದಲ್ಲಿ ಆ ದೇಶದ ಕಾರ್ಮಿಕರೆಲ್ಲ ಕುವೈತ್ ಬಿಟ್ಟು ಹೋದರು. ದೊಡ್ಡ ದೊಡ್ಡ ದೇಶಗಳು ಸೇರಿ ಮಾಡಿದ ತೀರ್ಮಾನವಂತೆ. ಹೋಗುವ ಮೊದಲು ಬಂದು ಹೇಳುವ ಪದ್ಧತಿ ಅವರಲ್ಲಿ ಇರಲಿಲ್ಲ, ಒಂದು ಗುರುವಾರದಿಂದ ಪಿಕಪ್ ಬರಲಿಲ್ಲ ಅಷ್ಟೇ. ಈ ಸಲ ನನಗೆ ಹೆದರಿಕೆಯಾಗಲಿಲ್ಲ. ಎಲ್ಲರ ಜೊತೆ ಹೋದವನು, ಕಳಂಕವಿಲ್ಲದೆ ಹೋದವನು. ಬೆಟ್ಟದ ಮೇಲಿನ ಕೆರೆ ಮತ್ತೆ ಕಂಡಿರಬಹುದು. ಅಲ್‌ಹಮ್ದುಲಿಲ್ಲಾಹ್.

ಶಿಫಾ ಈಗ ಮಂಗಳೂರ ಕಡೆ ಕಾಲೇಜು ಓದುತ್ತಿದ್ದಾಳೆ. ಮಂಗಫ್‌ನ ಮನೆಯಲ್ಲಿ ಕಪಾಟಿನ ಮೇಲೆ ಆ ಚಾರ್ಟ್ ಇನ್ನೂ ಇದೆ, ಸುರುಳಿ ಸುತ್ತಿ. ಮೂಲೆಯ ನೀಲಿ ಕಲೆ ಕಂಡಾಗಲೆಲ್ಲ ನನಗೆ ಒಂದು ದೀರ್ಘ ಉಸಿರು ಬಿಟ್ಟ ಹಾಗಾಗುತ್ತದೆ. ನಾನು ಇದನ್ನು ಬರೆಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅವಳು ಮೊದಲು ಕೇಳಿದ್ದು, "ಪಪ್ಪಾ, ಹೆಸರು ಬರೀಲಿಲ್ಲ ಅಲ್ವಾ?"

ಬರೆದಿಲ್ಲ. ಇಡೀ ಬರಹದಲ್ಲಿ ನಾನು ಅವನನ್ನು ಪಾಕ್ ಎಂದಿದ್ದೇನೆ, ಅದು ಅವನ ಹೆಸರಲ್ಲ. ಅವನ ಹೆಸರು ಮೂರು ಭಾಗದ್ದು, ಹೇಳಲು ಸ್ವಲ್ಪ ಕಷ್ಟ. ಶಿಫಾಗೂ ನನಗೂ ಈಗಲೂ ಸರಿಯಾಗಿ ಹೇಳಲು ಬರುತ್ತದೆ.